ತಾಯಮ್ಮ ಹಚ್ಚಿಕೊಂಡ ಮಲ್ಲಿಗೆ ಎಣ್ಣೆ

ಬೆಳಗೋಡಿನ ಬಸ್ಸಿನಲ್ಲಿ ತಾಯಮ್ಮನ ಬಾಯಿಗೆ ಹೆದರದ ಕಂಡಕ್ಟರ್ ಇರಲಿಲ್ಲ. ಬಸ್ಸು ಸ್ಟಾಪು ದಾಟಿ ನಾಲ್ಕು ಮಾರು ಮುಂದೆ ಹೋಗಿ ನಿಂತರೆ ಸಾಕು, ಅವನಿಗೂ ಡ್ರೈವರಿಗೂ ಅವರಿಬ್ಬರನ್ನೂ ಕೆಲಸಕ್ಕಿಟ್ಟ ಸರ್ಕಾರಕ್ಕೂ ಸೇರಿಸಿ ಮಂಗಳಾರತಿ ಎತ್ತಿಬಿಡುತ್ತಿದ್ದಳು. ಎಸ್ಟೇಟಿನ ಕಣದಲ್ಲಿ ಕಾಫಿ ಬೀಜ ಹರಡುವಾಗ ಹತ್ತಾರು ಹೆಂಗಸರ ನಡುವೆ ಅವಳ ಗಂಟಲೊಂದೇ ಮೇಲಿನ ರಸ್ತೆಯವರೆಗೂ ಕೇಳುತ್ತಿತ್ತು. ಅಂಥ ಹೆಂಗಸು ಮನೆಗೆ ಬಂದರೆ ಮಾತಿಗೆ ಜನವಿಲ್ಲದೆ ಒದ್ದಾಡುತ್ತಿದ್ದಳು ಎಂದರೆ ಯಾರು ನಂಬುತ್ತಾರೆ? ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಅವಳ ಸಂಕಟ ಮಾತ್ರ ಅದೇ ಆಗಿತ್ತು.

ಗಂಡ ಲಿಂಗಪ್ಪ ಆನೇಮಹಲ್ ಹತ್ತಿರದ ಮರದ ಮಿಲ್ಲಿನಲ್ಲಿ ಗರಗಸದ ಕೆಲಸ ಮಾಡಿದವನು. ಹಲಸು, ಬೀಟೆ, ಸಿಲ್ವರ್ ಓಕ್ ಯಾವುದಾದರೂ ಸರಿ, ದಿಮ್ಮಿಯ ಮೇಲೆ ಕೈಯಾಡಿಸಿ ಎಲ್ಲಿ ಗಂಟಿದೆ ಎಂದು ಹೇಳುತ್ತಿದ್ದ. ಮಿಲ್ಲು ಮುಚ್ಚಿತು. ಆಮೇಲೆ ಕಣ್ಣು ಮಸುಕಾಯಿತು. ನರ ಒಣಗಿದೆ, ಇನ್ನೇನೂ ಮಾಡುವ ಹಾಗಿಲ್ಲ ಎಂದು ಹಾಸನದ ಡಾಕ್ಟರು ಹೇಳಿ ಕಳಿಸಿದರು. ಕಣ್ಣಿನ ಹಿಂದೆಯೇ ಅವನ ಮಾತೂ ಹೊರಟುಹೋಯಿತು. ಬೆಳಗಿನಿಂದ ಸಂಜೆಯವರೆಗೆ ಜಗಲಿಯ ಕಂಬಕ್ಕೆ ಒರಗಿ ಕೂರುವುದು, ಕೇಳಿದರೆ ‘ಹೂಂ’, ಬೇಡವಾದರೆ ‘ಬ್ಯಾಡ’. ಅಷ್ಟೇ.

“ಬೈದಾದ್ರೂ ಬೈಯ್ರೀ ಮಾರಾಯ್ರೇ! ಗೋಡೆ ಜೊತೆ ಸಂಸಾರ ಮಾಡಿದಂಗಾಗೈತೆ ನಂಗೆ” ಎಂದು ತಾಯಮ್ಮ ಪಾತ್ರೆ ಕುಕ್ಕುತ್ತಿದ್ದಳು. ಅವನು ಮುಖವನ್ನು ಅವಳ ಕಡೆ ತಿರುಗಿಸಿ ಸುಮ್ಮನೆ ಕೂತಿರುತ್ತಿದ್ದ. ಅವನು ತನ್ನ ಜೊತೆ ಒಂದು ಸಲ ಮನಸಾರೆ ಮಾತಾಡಲಿ ಎಂಬುದು ಬಿಟ್ಟರೆ ಆ ಹೆಂಗಸಿಗೆ ದೇವರ ಹತ್ತಿರ ಬೇರೆ ಬೇಡಿಕೆಯೇ ಉಳಿದಿರಲಿಲ್ಲ.

ಅವಳು ಎರಡನೆಯ ಹೆಂಡತಿ. ಮೊದಲನೆಯವಳು ಚೌಡಮ್ಮ, ಮದುವೆಯಾಗಿ ನಾಲ್ಕೈದು ವರ್ಷಕ್ಕೇ ಜ್ವರ ಬಂದು ಮುತ್ತೈದೆಯಾಗಿಯೇ ಹೋದವಳು. ಹೋದಳು ಅಂದರೆ ಹೋದಳೇ? ಪ್ರತಿ ವರ್ಷ ಹಿರಿಯರ ಹಬ್ಬಕ್ಕೆ ತಾಯಮ್ಮನಿಗೆಂದು ತಂದ ಹೊಸ ಸೀರೆ, ಬಳೆ, ಹೂವು ಎಲ್ಲವನ್ನೂ ಮೊದಲು ಚೌಡಮ್ಮನ ಎಡೆಯ ಮುಂದೆ ಇಡಬೇಕು. ಬಾಗಿಲು ಹಾಕಿಕೊಂಡು ಮನೆಯವರೆಲ್ಲ ಹೊರಗೆ ಉಸಿರು ಬಿಗಿಹಿಡಿದು ನಿಲ್ಲಬೇಕು. ಒಳಗೆ ಅವಳು ಬಂದು ಉಂಡು, ಉಟ್ಟು, ಮುಡಿದು ಹೋದಳು ಎಂದ ಮೇಲೆ ಬಾಗಿಲು ತಟ್ಟಿ ತೆರೆಯುವುದು. ಆಮೇಲಷ್ಟೇ ತಾಯಮ್ಮನ ಪಾಳಿ. ಮಕ್ಕಳಾಗದೆ ಹೋದಾಗ ಊರವರು “ಸವತಿ ಹೊಟ್ಟೆ ಕಟ್ಟವ್ಳೆ” ಎಂದರು. ಅದಕ್ಕೂ ತಾಯಮ್ಮ ಜಗಳವಾಡಿದಳು, ಊರವರ ಜೊತೆ. ಸತ್ತವಳ ಜೊತೆ ಹೇಗೆ ಜಗಳವಾಡುತ್ತಾಳೆ?

ಎರಡು ಸಾವಿರದ ಆರನೆಯ ಇಸವಿಯ ಬೇಸಿಗೆ. ಎಸ್ಟೇಟಿನ ಯಜಮಾನ ಪ್ರತಾಪನ ಹೆಂಡತಿ ಬಿಂದುಶ್ರೀಗೆ ಆಗ ಪರಿಮಳದ ಹುಚ್ಚು ಹತ್ತಿತ್ತು. ಕಾಫಿ ಸ್ಟೋರಿನ ಒಂದು ಮೂಲೆ ಖಾಲಿ ಮಾಡಿಸಿ ಗಾಜಿನ ಭರಣಿ ಜೋಡಿಸಿಕೊಂಡಿದ್ದಳು. ಸೆಂಟು ಅಂದರೆ ಅವಳಿಗೆ ಸಿಟ್ಟು. “ಸೆಂಟಲ್ಲ ತಾಯಮ್ಮ, ಇದ್ರಲ್ಲಿ ಸ್ಪಿರಿಟ್ ಇಲ್ಲ. ಬರೀ ಎಣ್ಣೆ” ಎನ್ನುತ್ತಿದ್ದಳು. ಬಿಳಿ ಎಳ್ಳಿನ ಮೇಲೆ ಒಂದು ಪದರ ಮಲ್ಲಿಗೆ, ಅದರ ಮೇಲೆ ಎಳ್ಳು, ಮತ್ತೆ ಮಲ್ಲಿಗೆ. ಸಂಜೆ ಬಾಡಿದ ಹೂ ತೆಗೆದು ಹೊಸ ಹೂ ಹಾಕುವುದು. ಎಳ್ಳಿಗೆ ಮಲ್ಲಿಗೆ ಪೂರ್ತಿ ಹಿಡಿದ ಮೇಲೆ ಎಣ್ಣೆ ತೆಗೆಸಿ, ಹಲಸಿನ ಮರದ ತಿರುಳಿನ ಚಕ್ಕೆಯನ್ನೂ ದೇವದಾರಿನ ಚೂರನ್ನೂ ಅದರಲ್ಲಿ ನೆನೆಹಾಕಿ ಬಿಸಿಲಿಗಿಡುವುದು. ಈ ಕೆಲಸಕ್ಕೆ ಅವಳು ಕಣದಿಂದ ತಾಯಮ್ಮನನ್ನು ಕರೆಸಿಕೊಂಡಿದ್ದಳು.

“ಇಪ್ಪತ್ತೇ ಶೀಷೆ. ಲಿಮಿಟೆಡ್ ಎಡಿಷನ್. ಇದು ಮುಗಿದ್ರೆ ಮತ್ತೆ ಮಾಡಲ್ಲ.”

“ಮತ್ತೊಂದ್ಸಲ ಮಾಡಕ್ಕೆ ಏನು ಧಾಡಿ? ಹೂವಿಗೆ ಬರಗಾಲವಾ?” ಎಂದು ತಾಯಮ್ಮ ರೇಗಿದಳು.

“ಸಿಗಲ್ಲ ಅಂದ್ರೇನೇ ಕಣೇ ಜನಕ್ಕೆ ಬೇಕನ್ಸೋದು. ಬಾ ಇಲ್ಲಿ, ಕೈ ಕೊಡು. ಒಬ್ಬೊಬ್ಬರ ಮೈಮೇಲೆ ಒಂದೊಂದು ಥರ ಆಗುತ್ತೆ ಇದು. ನಿನ್ನ ಮೇಲೆ ಹೆಂಗಿರುತ್ತೆ ನೋಡೋಣ.”

ಬಿಂದುಶ್ರೀ ಗಾಜಿನ ಕಡ್ಡಿಯಿಂದ ಒಂದು ತೊಟ್ಟು ಮಣಿಕಟ್ಟಿಗೆ, ಇನ್ನೊಂದು ಕಿವಿಯ ಹಿಂದಕ್ಕೆ ಹಚ್ಚಿದಳು. ತಾಯಮ್ಮನಿಗೆ ಮೊದಲು ಮೂಗಿಗೆ ಬಡಿದದ್ದು ಮಲ್ಲಿಗೆ, ಮದುವೆಮನೆಯ ಗಲಾಟೆಯ ಮಲ್ಲಿಗೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅದು ತಗ್ಗಿ, ಕೆಳಗಿನಿಂದ ಹಸಿ ಮರದ ವಾಸನೆ ಎದ್ದಿತು. ಆಮೇಲೆ ಎರಡೂ ಬೆರೆತು ಮೈಯ ಬೆವರಿಗೆ ಅಂಟಿಕೊಂಡವು.

“ಹೂ ಮುಡ್ಕೊಂಡೋಳು ಮರದ ಮಿಲ್ಲಿಗೆ ಹೋಗ್ಬಂದಂಗೈತೆ ಕಣವ್ವ” ಎಂದಳು. ಬಿಂದುಶ್ರೀ ಚಪ್ಪಾಳೆ ತಟ್ಟಿ ನಕ್ಕಳು. ತಾಯಮ್ಮನೂ ನಕ್ಕಳು. ಹೊಸದೊಂದು ಯಾರ ಎಡೆಯ ಮುಂದೆಯೂ ಕಾಯದೆ ನೇರ ತನ್ನ ಮೈಗೆ ಬಂದಿತ್ತಲ್ಲ, ಅವಳ ಹೊಟ್ಟೆ ತಣ್ಣಗಾಗಿತ್ತು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅಂಗಳ ಹತ್ತಿ ಜಗಲಿಯ ಹತ್ತಿರ ಬಂದಳು. ಲಿಂಗಪ್ಪ ಕಂಬದಿಂದ ಬೆನ್ನು ತೆಗೆದು ನೆಟ್ಟಗೆ ಕೂತ. ಮೂಗಿನ ಹೊಳ್ಳೆ ಅರಳಿತು.

“ಚೌಡೀ, ಬಂದ್ಯಾ?”

ತಾಯಮ್ಮನ ಕಾಲುಗಳು ಅಲ್ಲೇ ನಿಂತವು. ‘ಯಾವ ಚೌಡಿ? ನಾನು ಕಣ್ರೀ’ ಎನ್ನಲು ಬಾಯಿ ತೆರೆದಳು.

“ಮಿಲ್ಲಿಗೆ ಬುತ್ತಿ ತಂದಿದ್ಯಾ? ಬಾ, ಕುಂತ್ಕೋ. ಎಷ್ಟು ದಿನ ಆಗೋಯ್ತೆ ನೀನು ಬಂದು...”

ಮಾತು! ಎರಡು ವರ್ಷದ ಮೇಲೆ ಆ ಬಾಯಿಂದ ಮಾತು! ತಾಯಮ್ಮ ತೆರೆದ ಬಾಯಿ ಮುಚ್ಚಿಕೊಂಡು ಮೆಲ್ಲಗೆ ಜಗಲಿಯ ತುದಿಯಲ್ಲಿ ಕೂತಳು. ಅವನು ಹೇಳುತ್ತಾ ಹೋದ. ಗರಗಸ ನಿಲ್ಲಿಸಿದಾಗ ಕಿವಿಯಲ್ಲಿ ಗುಯ್ ಎನ್ನುತ್ತಿದ್ದದ್ದು, ಮರದ ಪುಡಿಯ ಗುಡ್ಡೆಯ ಮೇಲೆ ಕೂತು ಇಬ್ಬರೂ ಒಂದೇ ಬಟ್ಟಲಲ್ಲಿ ಮುದ್ದೆ ಮುರಿದದ್ದು, ಅವಳ ಜಡೆಯ ಮಲ್ಲಿಗೆಯಲ್ಲಿ ಹಲಸಿನ ಪುಡಿ ಸಿಕ್ಕಿಕೊಳ್ಳುತ್ತಿದ್ದದ್ದು. ಕತ್ತಲಾದ ಮೇಲೆ ತಾಯಮ್ಮ ಸದ್ದಾಗದಂತೆ ಎದ್ದು ಹಿಂಬಾಗಿಲಿಗೆ ಹೋದಳು. ಅಲ್ಲಿ ಕೈ, ಕಿವಿ ಸೀಗೆಪುಡಿ ಹಾಕಿ ತೊಳೆದು, ಪಾತ್ರೆ ಸದ್ದು ಮಾಡಿಕೊಂಡು ತಾಯಮ್ಮನಾಗಿ ಒಳಗೆ ಬಂದಳು. ಅವನು ಮತ್ತೆ ‘ಹೂಂ’ ಆಗಿಬಿಟ್ಟಿದ್ದ.

ಆಗಲೇ ಹೇಳಿಬಿಡಬೇಕಿತ್ತು ಎಂದು ನೀವು ಅನ್ನಬಹುದು. ಹಸಿದು ಕೂತವರಿಗೆ ಬುದ್ಧಿ ಹೇಳುವುದು ಸುಲಭ ಬಿಡಿ.

ಮಾರನೆಯ ದಿನ ಅವಳು ಬಿಂದುಶ್ರೀಯನ್ನು ಕಾಡಿ ಬೇಡಿ, ವಾಸನೆ ನೋಡಲೆಂದು ಬೇರೆ ಇಟ್ಟಿದ್ದ ಅರ್ಧ ಶೀಷೆಯನ್ನು ಈಸಿಕೊಂಡಳು. ಅಂದಿನಿಂದ ದಿನಾ ಸಂಜೆ ಅದೇ ಕೆಲಸ. ಅಡಿಗೆ ಮುಗಿಸುವುದು, ಹಿತ್ತಲಿಗೆ ಹೋಗಿ ಕೈಬಳೆ ಕಳಚಿಡುವುದು, ಎಣ್ಣೆ ಮುಟ್ಟಿಸಿಕೊಳ್ಳುವುದು, ಬಂದು ಅವನ ಪಕ್ಕ ಬಾಯಿ ಕಟ್ಟಿ ಕೂರುವುದು, ಕತ್ತಲಾದ ಮೇಲೆ ಹೋಗಿ ತೊಳೆದುಕೊಂಡು ಬರುವುದು. ತಟ್ಟೆ ಮುಂದಿಟ್ಟರೆ ಚೌಡಮ್ಮನ ಕೈಯೂಟ ಎಂದು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದ. ತಮಾಷೆ ಮಾಡುತ್ತಿದ್ದ. ಒಂದು ಸಲ ಗಟ್ಟಿಯಾಗಿ ನಕ್ಕೂಬಿಟ್ಟ. ಆ ನಗು ಕೇಳಿ ತಾಯಮ್ಮನಿಗೆ ಖುಷಿಯೂ ಆಯಿತು, ಎದೆಯಲ್ಲಿ ಕೆಂಡ ಇಟ್ಟಂತೆಯೂ ಆಯಿತು. ಇಷ್ಟು ವರ್ಷ ಬಾಳಿದ್ದು ತಾನು, ನಗು ಮಾತ್ರ ಅವಳಿಗೆ.

ಅವಳ ಕೊರಳಲ್ಲಿ ಮಾಂಗಲ್ಯದ ಜೊತೆಗೆ ಒಂದು ಚಿಕ್ಕ ಬೆಳ್ಳಿ ತಗಡು ಇತ್ತು. ಸವತಿ ತಾಳಿ ಎನ್ನುತ್ತಾರೆ. ಸತ್ತ ಮೊದಲ ಹೆಂಡತಿಯ ಹೆಸರಿನಲ್ಲಿ ಎರಡನೆಯವಳಿಗೆ ಧಾರೆಯ ದಿನವೇ ಕಟ್ಟುವುದು. ಅದು ಕೊರಳಲ್ಲಿರುವ ತನಕ ಸತ್ತವಳು ಇವಳ ಮೈ ಮುಟ್ಟುವಂತಿಲ್ಲ. ಒಂದು ಸಂಜೆ ಲಿಂಗಪ್ಪ ತಡವುತ್ತಾ ಅವಳ ಭುಜದವರೆಗೆ ಕೈ ತಂದ. ಕೈ ಇನ್ನು ನಾಲ್ಕು ಬೆರಳು ಸರಿದಿದ್ದರೆ ತಗಡು ಸಿಕ್ಕುತ್ತಿತ್ತು, ಗುಟ್ಟು ರಟ್ಟಾಗುತ್ತಿತ್ತು. ತಾಯಮ್ಮ ಹಿಂದಕ್ಕೆ ಸರಿದಳು. ಮರುದಿನದಿಂದ ಎಣ್ಣೆ ಹಚ್ಚಿಕೊಳ್ಳುವ ಮೊದಲು ಅದನ್ನೂ ಬಿಚ್ಚಿ ಬಚ್ಚಲ ಮೊಳೆಗೆ ತೂಗುಹಾಕತೊಡಗಿದಳು.

ಅಲ್ಲಿಂದ ಶುರುವಾಯಿತು ನೋಡಿ.

ಹಗಲಲ್ಲಿ ಕಣದ ಬಿಸಿಲಲ್ಲಿ ಕೆಲಸ ಮಾಡುವಾಗ, ಎಣ್ಣೆಯ ಶೀಷೆ ಮನೆಯಲ್ಲಿದ್ದರೂ, ಬೆನ್ನ ಹಿಂದೆ ಮಲ್ಲಿಗೆ ಸುಳಿಯುತ್ತಿತ್ತು. ತಿರುಗಿದರೆ ಯಾರೂ ಇಲ್ಲ. ಬಾಯಿ ತುಂಬ ಬೈಯಬೇಕಾದ ಕಡೆ ಅವಳಿಗೆ ಮಾತೇ ಏಳುತ್ತಿರಲಿಲ್ಲ. ಬಸ್ಸು ನಾಲ್ಕು ಮಾರು ಮುಂದೆ ನಿಂತಿತು, ತಾಯಮ್ಮ ತೆಪ್ಪಗೆ ನಡೆದುಹೋಗಿ ಹತ್ತಿದಳು. ಕಂಡಕ್ಟರ್ ಗಾಬರಿಯಾಗಿ “ಹುಷಾರಿಲ್ವಾ ಅಕ್ಕಾ?” ಎಂದು ಕೇಳಿದ. ಮನೆಯಲ್ಲಿ ಕೈ ಕೊತ್ತಂಬರಿಗೆ ಹೋಗುವ ಬದಲು ಅವಳು ಎಂದೂ ಹಾಕದ ಕಾಳುಮೆಣಸಿಗೆ ಹೋಗುತ್ತಿತ್ತು. ಲಿಂಗಪ್ಪ ಚಪ್ಪರಿಸಿಕೊಂಡು “ನಿನ್ನ ಸಾರೇ ಸಾರು ಚೌಡಿ” ಎನ್ನುತ್ತಿದ್ದ.

ಪಕ್ಕದ ಮನೆಯ ಬೆಟ್ಟಮ್ಮ ವಯಸ್ಸಾದವಳು, ಚೌಡಮ್ಮನನ್ನು ಕಣ್ಣಾರೆ ಕಂಡಿದ್ದವಳು. ಒಂದು ಬೆಳಿಗ್ಗೆ ಬೇಲಿಯ ಹತ್ತಿರ ಬಂದು ದನಿ ತಗ್ಗಿಸಿದಳು.

“ತಾಯಮ್ಮ, ನಿನ್ನೆ ಸಂಜೆ ನಿಮ್ಮ ಹಿತ್ಲಲ್ಲಿ ಓಡಾಡ್ತಿದ್ದೋರು ಯಾರೇ?”

“ಯಾರು ಇರ್ತಾರೆ? ನಾನೇ.”

“ನೀನಲ್ಲ ಬುಡು. ನಿನ್ನ ನಡಿಗೆ ನಂಗೊತ್ತಿಲ್ವಾ? ಅವಳು ಎಡಗಾಲು ಎಳ್ಕೊಂಡು ನಡೀತಿದ್ಳು. ಚೌಡಿ ನಡೀತಿದ್ದುದು ಹಂಗೇಯ. ಬಾವಿ ಕಟ್ಟೆ ಮೇಲಿಂದ ಬಿದ್ದು ಕಾಲು ಉಳುಕಿಸ್ಕೊಂಡಿದ್ಳಲ್ಲ... ನಾನು ಮೈ ಜುಮ್ಮಂದು ಬಾಗ್ಲು ಹಾಕ್ಕೊಂಡ್ಬುಟ್ಟೆ.”

ಚೌಡಮ್ಮನ ಕಾಲಿನ ಸಂಗತಿ ತಾಯಮ್ಮನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅಂಗಳದಲ್ಲಿ ಹತ್ತು ಹೆಜ್ಜೆ ನಡೆದು ನೋಡಿಕೊಂಡಳು. ನೆಟ್ಟಗೇ ಇತ್ತು ನಡಿಗೆ. ಸಂಜೆ ಎಣ್ಣೆ ಹಚ್ಚಿಕೊಂಡಾಗ ಹೇಗಿರುತ್ತದೋ ಅವಳಿಗೇನು ಗೊತ್ತು? ತನ್ನ ಮೈಯಲ್ಲಿ ಯಾರು ಕೂತು ಗಂಡನ ಮಾತು ಕೇಳುತ್ತಿದ್ದಾರೆ ಎಂಬ ಯೋಚನೆ ಬಂದದ್ದೇ ಅವಳಿಗೆ ಅನ್ನ ಸೇರಲಿಲ್ಲ.

ಸಾಕು, ಇವತ್ತಿಗೆ ಕೊನೆ ಎಂದು ತೀರ್ಮಾನಿಸಿದಳು. ಆದರೆ ಆಸೆ ಅನ್ನುವುದು ಕೇಳಬೇಕಲ್ಲ! ಕೊನೆಯ ಸಲ ಒಂದಿಷ್ಟು ಮಾತು ಕೇಳಿಬಿಡೋಣ, ನಾಳೆಯಿಂದ ಹೇಗೂ ಗೋಡೆಯೇ ಗತಿ. ಶೀಷೆಯಲ್ಲಿ ಉಳಿದಿದ್ದನ್ನೆಲ್ಲ ಅಂಗೈಗೆ ಬಗ್ಗಿಸಿಕೊಂಡು ಕತ್ತಿಗೆ, ತೋಳಿಗೆ, ತಲೆಗೂದಲಿಗೆ ಬಳಿದುಕೊಂಡಳು. ಮಲ್ಲಿಗೆಯ ಘಾಟಿಗೆ ಅವಳದೇ ತಲೆ ಸುತ್ತಿತು. ತಗಡು ಮೊಳೆಯಲ್ಲಿ ತೂಗುತ್ತಿತ್ತು. ಹೊರಗೆ ಬಿಸಿಲಿನ್ನೂ ಪೂರ್ತಿ ಹೋಗಿರಲಿಲ್ಲ.

ಲಿಂಗಪ್ಪ ಅಂದು ನಗಲಿಲ್ಲ. ಅವಳು ಕೂತದ್ದು ತಿಳಿದು ಕೈ ಜೋಡಿಸಿದ.

“ಚೌಡಿ, ಒಂದು ಮಾತು. ಸಿಟ್ಟು ಮಾಡ್ಕಬ್ಯಾಡ. ನೀನಿನ್ನು ಬರಬ್ಯಾಡ.”

ತಾಯಮ್ಮ ಅವನ ಮುಖಕ್ಕೆ ಕಣ್ಣು ನೆಟ್ಟಳು.

“ನೀನು ಬಂದಾಗೆಲ್ಲ ಅವಳು ಮನೇಲಿರಕ್ಕಿಲ್ಲ. ಮೊದಮೊದ್ಲು ಸೌದೆಗೋ ನೀರಿಗೋ ಹೋಗವ್ಳೆ ಅಂದ್ಕೊಂಡೆ. ದಿನಾ ಹಂಗೇ ಆಯ್ತು. ನಿನ್ನ ವಾಸನೆ ಬತ್ತೈತೆ, ಅವಳ ಬಳೆ ಸದ್ದು ನಿಲ್ತೈತೆ. ನೀನು ಹೋದ್ಮೇಲೆ ಬತ್ತಾಳಲ್ಲ, ಅವಳೂ ಮೊದ್ಲಿನಂಗಿಲ್ಲ. ಬೈಯಲ್ಲ, ಪಾತ್ರೆ ಕುಕ್ಕಲ್ಲ. ದಿನಕ್ಕೊಂದು ಚೂರು ಅವಳ್ನ ಹೊತ್ಕೊಂಡು ಹೋಗ್ತಿದ್ದೀಯ ನೀನು. ನಂಗೆ ಕಣ್ಣಿಲ್ಲ ಅಂತ ಗೊತ್ತಾಗಲ್ಲ ಅಂದ್ಕೊಂಡ್ಯಾ?”

ಜೋಡಿಸಿದ ಕೈ ಬಿಡದೆಯೇ ಮುಂದುವರಿಸಿದ.

“ಕಣ್ಣು ಹೋದ್ಮೇಲೆ ನಂಗೆ ಬೆಳಗಾಗ್ತಿದ್ದುದೇ ಅವಳು ಬೈಯೋದ್ರಿಂದ. ನಾನು ಮಾತಾಡಿದ್ರೆ ಅವಳು ನಿಲ್ಲಿಸ್ಬುಡ್ತಾಳೆ ಅಂತ ಸುಮ್ನೆ ಕುಂತು ಕೇಳ್ತಿದ್ದೆ. ಅದು ಇರೋ ತನಕ ಮನೆ ಅನ್ನಿಸ್ತಿತ್ತು. ಬೇಕಾದ್ರೆ ನನ್ನ ಕರ್ಕೊಂಡು ಹೋಗು ಚೌಡಿ, ಇವತ್ತೇ ಬತ್ತೀನಿ. ಅವಳ ತಂಟೆಗೆ ಮಾತ್ರ ಬರಬ್ಯಾಡ. ಕಾಲಿಗೆ ಬೀಳ್ತೀನಿ.”

ಜಗಲಿಯಿಂದ ಇಳಿದು ನಿಜವಾಗಿಯೂ ಅವನು ನೆಲ ತಡವತೊಡಗಿದ. ತಾಯಮ್ಮನಿಗೆ ತಡೆಯಲಾಗಲಿಲ್ಲ. ಅವನ ತೋಳು ಹಿಡಿದೆತ್ತಿ ಗೊಳೋ ಎಂದು ಅತ್ತಳು.

“ಅಯ್ಯೋ ನನ್ನಪ್ಪ! ನಾನೇ ಕಣ್ರೀ! ನಾನು, ತಾಯಮ್ಮ! ಎಲ್ಲೂ ಹೋಗಿಲ್ಲ ನಾನು. ಇದು ಎಣ್ಣೆ, ಬಿಂದವ್ವ ಮಾಡಿದ ಎಣ್ಣೆ...”

ಲಿಂಗಪ್ಪ ಸೆಟೆದುಕೊಂಡ. ಮುಖದಲ್ಲಿ ರಕ್ತವಿರಲಿಲ್ಲ.

“ಗಂಟಲೂ ತಗೊಂಡ್ಬುಟ್ಯಾ?” ಎಂದ. “ಅವಳ ಗಂಟಲೂ ತಗೊಂಡ್ಬುಟ್ಯಾ?”

“ಇಲ್ಲ ಕಣ್ರೀ, ಮುಟ್ಟಿ ನೋಡಿ, ನಾನೇ...” ಎಂದು ಅವಳು ಅವನ ಕೈಯನ್ನು ತನ್ನ ಮುಖಕ್ಕೆ ಒತ್ತಿಕೊಂಡಳು. ಆ ಕೈ ಕೆನ್ನೆಯಿಂದ ಕೊರಳಿಗೆ ಇಳಿಯಿತು. ಗಂಟಿರುವ ಜಾಗ ಹುಡುಕುವ ಬೆರಳು ಮಾಂಗಲ್ಯದ ದಾರವನ್ನು ಹಿಡಿದು, ಅದರ ಪಕ್ಕ ಇರಬೇಕಾದುದನ್ನು ಈ ತುದಿಯಿಂದ ಆ ತುದಿಗೆ ಅರಸಿತು. ತಗಡು ಇರಲಿಲ್ಲ. ಬೆಂಕಿ ಮುಟ್ಟಿದವನಂತೆ ಕೈ ಕಿತ್ತುಕೊಂಡ.

“ತಡ್ರೀ, ತರ್ತೀನಿ!” ಎಂದು ತಾಯಮ್ಮ ಓಡಿದಳು. ತಗಡು ಕೊರಳಿಗೆ ಕಟ್ಟಿಕೊಂಡು ಬಂದಳು. ಬಂದರೇನು? ಅವಳಿಗಿಂತ ಮುಂಚೆ ಮಲ್ಲಿಗೆ ಬಾಗಿಲು ದಾಟಿತ್ತು. ಅವಳು ಹತ್ತಿರ ಬಂದಷ್ಟೂ ಅವನು ಗೋಡೆಗೆ ಬೆನ್ನು ಹಚ್ಚಿ ಸರಿಯುತ್ತಿದ್ದ. “ಬಿಚ್ಚಿ ಇಟ್ಟಿದ್ದನ್ನ ಯಾರು ಬೇಕಾದ್ರೂ ಕಟ್ಕೋಬೋದು. ಹೋಗು ತಾಯಿ, ಹೋಗು” ಎಂದು ಮಗುವಿನಂತೆ ಅಳುತ್ತಿದ್ದ. ಎದೆ ಒಡೆದು ಏನಾದರೂ ಆಗಿಬಿಟ್ಟೀತು ಎಂದು ಅವಳಿಗೇ ಭಯವಾಗಿ ಹಿತ್ತಲಿಗೆ ಹಿಂದಿರುಗಿದಳು.

ಸೀಗೆಪುಡಿ, ಒಲೆಯ ಬೂದಿ, ತೆಂಗಿನ ನಾರು, ಕೈಗೆ ಸಿಕ್ಕಿದ್ದರಲ್ಲೆಲ್ಲ ಉಜ್ಜಿಕೊಂಡಳು. ತಲೆಯ ಮೇಲೆ ಕೊಡ ಕೊಡ ನೀರು ಸುರಿದುಕೊಂಡಳು. ಕತ್ತಿನ ಚರ್ಮ ಕೆಂಪಾಗಿ ಉರಿಯಿತು. ನೀರು ಬಿದ್ದಷ್ಟೂ ಹಲಸಿನ ವಾಸನೆ ಆಗ ತಾನೇ ಸೀಳಿದ ದಿಮ್ಮಿಯಿಂದ ಬಂದಂತೆ ಹಸಿಯಾಗಿ ಏಳುತ್ತಿತ್ತು. ದಿನದ ಒಂದೆರಡು ತೊಟ್ಟು ತೊಳೆದರೆ ಹೋಗುತ್ತಿತ್ತು, ಇದು ಎರಡು ದಿನ, ಮೂರು ದಿನ, ಎಷ್ಟು ದಿನಕ್ಕೆ ಇಳಿಯುತ್ತದೋ. ಬೆಟ್ಟಮ್ಮ ಬೇಲಿಯಾಚೆಯಿಂದ ನೋಡಿ ಬಾಗಿಲು ಹಾಕಿಕೊಂಡಳು.

ಒಳಗಿನಿಂದ ಲಿಂಗಪ್ಪನ ದನಿ ಬಂತು. ಮದುವೆಯಾದ ದಿನದಿಂದ ಅವನು ಅವಳನ್ನು ಕರೆದದ್ದು ‘ಏಯ್’ ಎಂದು, ‘ಇವಳೇ’ ಎಂದು. ಈಗ ಹೆಸರು ಹಿಡಿದು ಕೂಗುತ್ತಿದ್ದ, ರಸ್ತೆಗೆ ಕೇಳುವ ಹಾಗೆ.

“ತಾಯೀ! ತಾಯಮ್ಮಾ! ಎಲ್ಲಿದ್ದೀಯೇ? ಅವಳು ಹೋದ್ಳು, ಬಾರೇ!”

ಅವಳು ಒಗೆಯುವ ಕಲ್ಲಿನ ಮೇಲೆ ಒದ್ದೆ ಸೀರೆಯಲ್ಲಿ ಮುದುಡಿ ಕೂತಿದ್ದಳು. ಗೋಡೆಯಾಚೆ ಗಂಡ ತಡವರಿಸಿ ನಡೆಯುವ ಸದ್ದು, ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಂಡ ಸದ್ದು ಕೇಳಿತು. ಅವನು ಹಿಂಬಾಗಿಲವರೆಗೆ ಬಂದು ನಿಂತ. ಗಾಳಿ ಅವಳ ಕಡೆಯಿಂದ ಅವನ ಕಡೆಗೆ ತಿರುಗುತ್ತಿತ್ತು; ಈಗ ಓ ಅಂದರೆ ಅವನಿಗೆ ಅದು ಚೌಡಿ ಕಿತ್ತುಕೊಂಡ ಗಂಟಲೇ.

“ಒಂದ್ಸಲ ಓ ಅನ್ನೇ ತಾಯಮ್ಮ. ಒಂದ್ಸಲ ಓ ಅಂದ್ರೆ ಸಾಕು.”

ತಾಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು, ಅವನನ್ನೇ ನೋಡುತ್ತಾ, ಓ ಅನ್ನದೆ ಕೂತಳು.